ಮೆದುಳಿನಲ್ಲಿ ನಿಜವಾಗಲೂ ದೇಹದ ನಕ್ಷೆ ಇದೆಯಾ? ಬೆನ್ನಿಗಿಂತ ಬೆರಳಿಗೆ ಜಾಸ್ತಿ ಜಾಗ ಯಾಕೆ?

ಇದೆ. ಒಂದಲ್ಲ, ಹಲವು ನಕ್ಷೆಗಳಿವೆ. ಆದರೆ ಅವು ಮೈಯ ಅಳತೆಗೆ ತಕ್ಕ ಹಾಗಿಲ್ಲ. ಎಲ್ಲಿಂದ ಹೆಚ್ಚು ಸೂಕ್ಷ್ಮವಾದ ಸುದ್ದಿ ಬರುತ್ತದೋ ಅದಕ್ಕೆ ಹೆಚ್ಚು ಜಾಗ.

ನೀವೇ ಮಾಡಿ ನೋಡಿ. ಒಂದು ಪೇಪರ್ ಕ್ಲಿಪ್ ಬಿಡಿಸಿ, ಎರಡೂ ತುದಿಗಳ ನಡುವೆ ಅರ್ಧ ಸೆಂಟಿಮೀಟರ್ ಇರುವಂತೆ ಬಗ್ಗಿಸಿ. ಕಣ್ಣು ಮುಚ್ಚಿಕೊಂಡು ತೋರುಬೆರಳ ತುದಿಗೆ ಮೆಲ್ಲಗೆ ತಾಗಿಸಿ. ಎರಡು ಕಡೆ ಚುಚ್ಚುತ್ತಿದೆ ಅಂತ ತಟ್ಟನೆ ಗೊತ್ತಾಗುತ್ತದೆ. ಅದನ್ನೇ ಬೇರೆಯವರ ಕೈಯಲ್ಲಿ ಬೆನ್ನಿಗೆ ತಾಗಿಸಿಕೊಳ್ಳಿ. ಒಂದೇ ಕಡೆ ಚುಚ್ಚಿದ ಹಾಗಿರುತ್ತದೆ! ತುದಿಗಳನ್ನು ಸುಮಾರು ನಾಲ್ಕು ಸೆಂಟಿಮೀಟರ್ ದೂರ ಮಾಡಿದ ಮೇಲೇ ಎರಡು ಅನ್ನಿಸೋದು. ಬೆರಳ ತುದಿಯಲ್ಲಿ ನರಗಳು ಒತ್ತೊತ್ತಾಗಿವೆ. ಅವು ತರುವುದನ್ನೆಲ್ಲ ಬಿಡಿಬಿಡಿಯಾಗಿ ಗುರುತಿಸಬೇಕಾದರೆ ಮೆದುಳಿನ ಹೊರಪದರದಲ್ಲೂ ಜಾಗ ಬೇಕಲ್ವಾ?

ಈ ನಕ್ಷೆಯನ್ನು ಮನುಷ್ಯರಲ್ಲಿ ವಿವರವಾಗಿ ಗುರುತಿಸಿದವರು ಕೆನಡಾದ ಮಾಂಟ್ರಿಯಲ್‌ನ ಸರ್ಜನ್ ವೈಲ್ಡರ್ ಪೆನ್‌ಫೀಲ್ಡ್. ಮೆದುಳಿಗೆ ಸ್ವತಃ ನೋವು ಗೊತ್ತಾಗುವುದಿಲ್ಲ. ಹಾಗಾಗಿ ಆಪರೇಷನ್ ವೇಳೆ ರೋಗಿಯನ್ನು ಎಚ್ಚರವಾಗಿಟ್ಟು, ಹೊರಪದರಕ್ಕೆ ಅಲ್ಲಲ್ಲಿ ತೀರಾ ಸಣ್ಣ ಕರೆಂಟ್ ಕೊಟ್ಟು, ಎಲ್ಲಿ ಏನಾಯಿತು ಎಂದು ಕೇಳುತ್ತಿದ್ದರು. ಒಂದು ಕಡೆ ಮುಟ್ಟಿದರೆ ಹೆಬ್ಬೆರಳು ಜುಮ್ಮೆನ್ನುತ್ತಿತ್ತು, ಸ್ವಲ್ಪ ಪಕ್ಕಕ್ಕೆ ಹೋದರೆ ತುಟಿ. 1937ರಲ್ಲಿ ಸಹೋದ್ಯೋಗಿ ಬೋಲ್ಡ್ರಿ ಜೊತೆ ಇದನ್ನು ಪ್ರಕಟಿಸಿದರು. ಈ ನಕ್ಷೆಯಲ್ಲಿ ಕೈ, ತುಟಿ, ನಾಲಿಗೆ ಭಾರಿ ದೊಡ್ಡದು. ಬೆನ್ನು, ಹೊಟ್ಟೆ ಪುಟ್ಟದು. ಕಣ್ಣಿಗೂ ಇದೇ ನಿಯಮ: ನೋಟದ ನಡುಭಾಗಕ್ಕೆ ಮೆದುಳಿನ ಹಿಂಬದಿಯಲ್ಲಿ ಬಹಳ ಜಾಗ, ಅಂಚಿಗೆ ಕಡಿಮೆ. ಕಿವಿಯ ನಕ್ಷೆಯಲ್ಲಿ ಕೀರಲು ದನಿಯಿಂದ ದಪ್ಪ ದನಿಯವರೆಗೆ ಸಾಲಾಗಿ ಜಾಗಗಳಿವೆ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಈ ನಕ್ಷೆ ಬದಲಾಗುತ್ತದೆ ಅನ್ನೋದು. 1984ರಲ್ಲಿ ಅಮೆರಿಕದ ಮೆದುಳು ವಿಜ್ಞಾನಿ ಮರ್ಜೆನಿಕ್ ಮತ್ತು ಸಂಗಡಿಗರು ತೋರಿಸಿದ್ದು ಇದನ್ನೇ: ಮಂಗನ ಒಂದು ಬೆರಳು ಇಲ್ಲವಾದಾಗ ಆ ಬೆರಳಿನ ಜಾಗ ಸುಮ್ನೆ ಖಾಲಿ ಬೀಳಲಿಲ್ಲ. ಕೆಲವು ತಿಂಗಳಲ್ಲಿ ಅಕ್ಕಪಕ್ಕದ ಬೆರಳು ಮುಟ್ಟಿದರೆ ಅದು ಸ್ಪಂದಿಸತೊಡಗಿತು. 1995ರಲ್ಲಿ ಪಿಟೀಲಿನಂಥ ತಂತಿವಾದ್ಯ ನುಡಿಸುವವರನ್ನು ಪರೀಕ್ಷಿಸಿದಾಗ, ತಂತಿ ಒತ್ತುವ ಎಡಗೈ ಬೆರಳುಗಳಿಗೆ ಮೆದುಳು ಬೇರೆಯವರಲ್ಲಿಗಿಂತ ಜೋರಾಗಿ ಸ್ಪಂದಿಸುವುದು ಕಂಡಿತು. ಚಿಕ್ಕವರಿದ್ದಾಗಲೇ ಕಲಿತವರಲ್ಲಿ ಇನ್ನೂ ಜಾಸ್ತಿ.

ಹಾಗಂತ ಹಳೆಯದೆಲ್ಲ ಅಳಿಸಿಹೋಗುತ್ತದೆ ಎಂದುಕೊಳ್ಳಬೇಡಿ. ಕೈ ಕಳೆದುಕೊಂಡು ವರ್ಷಗಳಾದವರಿಗೆ ಇಲ್ಲದ ಆ ಕೈಯ ಬೆರಳುಗಳನ್ನು ಆಡಿಸಲು ಹೇಳಿ ಸ್ಕ್ಯಾನ್ ಮಾಡಿದರೆ, ಮೆದುಳಿನಲ್ಲಿ ಆ ಕೈಯ ಹಳೆಯ ಜಾಗವೇ ಈಗಲೂ ಚುರುಕಾಗುತ್ತದೆ.