ಓದುಗರ ಪ್ರಶ್ನೆ: ವೀಸಾ, ಗ್ರಾಚ್ಯುಟಿ ಮತ್ತು ಗಲ್ಫ್ ರೂಪಾಯಿ

ಪ್ರಶ್ನೆ: ನನ್ನ ತಮ್ಮ ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ. ಅಬುಧಾಬಿಯಲ್ಲಿ ಗಾರೆ ಕೆಲಸವಿದೆ, ಈಗ ವಿಸಿಟ್ ವೀಸಾದಲ್ಲಿ ಹೋಗಲಿ, ಅಲ್ಲಿಗೆ ಹೋದ ಮೇಲೆ ಬದಲಾಯಿಸಿಕೊಡುತ್ತೇವೆ ಅನ್ನುತ್ತಾರೆ ಏಜೆಂಟರು. 90,000 ರೂಪಾಯಿ ಕೇಳಿದ್ದಾರೆ. ಕಳಿಸಬಹುದೇ? (ಕುಂದಾಪುರದ ಓದುಗರು)

ಉತ್ತರ: ಹೀಗೆ ಕಳಿಸಬೇಡಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ವಲಸೆ ತಪಾಸಣೆ ಅಗತ್ಯ) ವರ್ಗಕ್ಕೆ ಸೇರುತ್ತದೆ. ಅಂಥವರು ಎಮಿರೇಟ್ಸ್‌ಗೆ ದುಡಿಯಲು ಹೋಗುವ ಮೊದಲು ಇ-ಮೈಗ್ರೇಟ್ ಜಾಲತಾಣದ ಮೂಲಕ ಭಾರತ ಸರ್ಕಾರದ ಅನುಮತಿ ಪಡೆಯಬೇಕು. ಪ್ರವಾಸಕ್ಕೆ ಹೋಗುವವರಿಗೆ ಆ ಅನುಮತಿ ಬೇಕಿಲ್ಲ. ‘ವಿಸಿಟ್’ ಅನ್ನುವ ಒಳದಾರಿ ಹುಟ್ಟಿದ್ದೇ ಇದರಿಂದ. ಆ ದಾರಿಯಲ್ಲಿ ಹೋದರೆ ಅನುಮತಿಯೊಂದಿಗೆ ಕಡ್ಡಾಯವಾಗಿ ಮಾಡಿಸಬೇಕಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ತಪ್ಪಿಹೋಗುತ್ತದೆ. ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷದ ರಕ್ಷಣೆ. ಅಟ್ಟಣಿಗೆ ಹತ್ತಿ ದುಡಿಯುವವನಿಗೆ ಇದು ಸಣ್ಣ ಮಾತಲ್ಲ.

ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಕಾನೂನುಬಾಹಿರ. ಪರ್ಮಿಟ್ ಇಲ್ಲದೆ ದುಡಿಸಿಕೊಂಡ ಮಾಲೀಕರಿಗೆ 2024ರ ತಿದ್ದುಪಡಿಯ ಪ್ರಕಾರ 1 ಲಕ್ಷದಿಂದ 10 ಲಕ್ಷ ದಿರ್ಹಾಂ ದಂಡವಿದೆ. ಆದರೆ ನೋಂದಾಯಿತ ಒಪ್ಪಂದವಿಲ್ಲದೆ ಬಾಕಿ ಸಂಬಳಕ್ಕೆ ದೂರು ಕೊಡಲು ನಿಮ್ಮ ತಮ್ಮ ಒದ್ದಾಡಬೇಕಾಗುತ್ತದೆ.

ಏಜೆಂಟರ ನೋಂದಣಿ ಸಂಖ್ಯೆ ಕೇಳಿ, ಇ-ಮೈಗ್ರೇಟ್ ಪಟ್ಟಿಯಲ್ಲಿ ಅದಿದೆಯೇ ನೋಡಿ. ಅವರು ಪಡೆಯಬಹುದಾದ ಸೇವಾಶುಲ್ಕ ಗರಿಷ್ಠ 30,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 35,400. ರಸೀದಿ ಕೊಡಲೇಬೇಕು. ನಿಮ್ಮಲ್ಲಿ ಕೇಳಿರುವ ಮೊತ್ತವೇ ಉಳಿದದ್ದನ್ನು ಹೇಳುತ್ತದೆ. ಅಲ್ಲಿನ ಕಾರ್ಮಿಕ ಸಚಿವಾಲಯದ ವ್ಯವಸ್ಥೆಯಿಂದ ಹೊರಟ ಆಫರ್ ಲೆಟರ್ ಕೈಗೆ ಬರುವ ತನಕ ಹಣ ಕೊಡಬೇಡಿ. ಬಂದ ಮೇಲೂ ಒಟ್ಟು ಸಂಬಳವನ್ನಷ್ಟೇ ನೋಡದೆ ಮೂಲ ವೇತನ ಎಷ್ಟೆಂದು ಓದಿ. ಕಾರಣ ಮುಂದಿನ ಪ್ರಶ್ನೆಯಲ್ಲಿದೆ.

ಪ್ರಶ್ನೆ: ಶಾರ್ಜಾದಲ್ಲಿ ಏಳು ವರ್ಷ ದುಡಿದು ರಾಜೀನಾಮೆ ಕೊಡುತ್ತಿದ್ದೇನೆ. ಸಂಬಳ 4,000 ದಿರ್ಹಾಂ, ಅದರಲ್ಲಿ ಮೂಲ ವೇತನ 1,800. ಗ್ರಾಚ್ಯುಟಿ ಎಷ್ಟು ಬರುತ್ತದೆ? (ಭಟ್ಕಳ ಮೂಲದ ಓದುಗರು)

ಉತ್ತರ: 9,900 ದಿರ್ಹಾಂ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದಂತೆ 105 ದಿನ, ನಂತರದ ಎರಡಕ್ಕೆ 30ರಂತೆ 60 ದಿನ, ಒಟ್ಟು 165. ದಿನದ ಮೂಲ ವೇತನ 1,800 ಭಾಗಿಸು 30, ಅಂದರೆ 60 ದಿರ್ಹಾಂ. ಲೆಕ್ಕ ಹಿಡಿಯುವುದು ಮೂಲ ವೇತನದ ಮೇಲೆ ಮಾತ್ರ, ಮನೆ ಬಾಡಿಗೆ, ಸಾರಿಗೆ ಭತ್ಯೆ ಸೇರುವುದಿಲ್ಲ. ಪೂರ್ತಿ 4,000ದ ಮೇಲೆ ಹಿಡಿದಿದ್ದರೆ 22,000 ಆಗುತ್ತಿತ್ತು. ಭತ್ಯೆ ಉಬ್ಬಿಸಿ ಮೂಲ ವೇತನ ಕುಗ್ಗಿಸುವ ಜಾಣತನ ಬಯಲಾಗುವುದು ಕೊನೆಯ ದಿನವೇ.

ಸಂಬಳವಿಲ್ಲದ ರಜೆಯ ದಿನಗಳನ್ನು ಸೇವಾವಧಿಯಿಂದ ಕಳೆಯುತ್ತಾರೆ. ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿ ಕಡಿತವಾಗುತ್ತಿದ್ದ ಹಳೆಯ ನಿಯಮ 2022ರ ಫೆಬ್ರವರಿ 2ರಿಂದ ಇಲ್ಲ. ಕೆಲಸ ಮುಗಿದ 14 ದಿನದೊಳಗೆ ಹಣ ಕೊಡಬೇಕು. ಹಣ ಕೈಸೇರದೆ ‘ಎಲ್ಲ ಬಾಕಿ ಸಂದಿದೆ’ ಎಂಬ ಪತ್ರಕ್ಕೆ ಸಹಿ ಹಾಕಬೇಡಿ.

ಪ್ರಶ್ನೆ: ಸಿದ್ಧ ಉಡುಪು ಕಳಿಸುತ್ತೇವೆ. ಒಪ್ಪಂದವಿದ್ದರೂ ದುಬೈಯಲ್ಲಿ ಶೇ 5 ಸುಂಕ ಹಾಕಿದ್ದಾರೆ. ಏಕೆ? (ಬಳ್ಳಾರಿಯ ಓದುಗರು)

ಉತ್ತರ: 2022ರ ಮೇ 1ರಿಂದ ಜಾರಿಯಲ್ಲಿರುವ ಭಾರತ–ಯುಎಇ ನಡುವಿನ ಸೆಪಾ ವ್ಯಾಪಾರ ಒಪ್ಪಂದದ ರಿಯಾಯಿತಿ ತಾನಾಗಿ ಸಿಗುವುದಿಲ್ಲ. ಸರಕು ಭಾರತದ್ದೇ ಎಂಬ ಮೂಲ ಪ್ರಮಾಣಪತ್ರವನ್ನು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಜಾಲತಾಣದಲ್ಲಿ ಸೆಪಾ ಅಡಿಯಲ್ಲೇ ಪಡೆದು, ಖರೀದಿದಾರರು ಅದನ್ನು ಅಲ್ಲಿನ ಕಸ್ಟಮ್ಸ್‌ಗೆ ಸಲ್ಲಿಸಬೇಕು. ಹೆಚ್ಚಾಗಿ ಆಗುವ ತಪ್ಪು: ರಿಯಾಯಿತಿಯಿಲ್ಲದ ಸಾಮಾನ್ಯ ಪ್ರಮಾಣಪತ್ರ ತೆಗೆದುಕೊಳ್ಳುವುದು. ಎರಡನೆಯದು, ಇನ್‌ವಾಯ್ಸ್‌ನ ಎಚ್‌ಎಸ್ ಕೋಡ್ (ಸರಕಿನ ವರ್ಗೀಕರಣ ಸಂಖ್ಯೆ) ಪ್ರಮಾಣಪತ್ರದ್ದಕ್ಕೆ ಹೊಂದದಿರುವುದು. ಬಟ್ಟೆ ಬೇರೆ ದೇಶದಿಂದ ಬಂದಿದ್ದರೆ ಹೊಲಿಗೆ ಇಲ್ಲಿಯದು ಅಂದಮಾತ್ರಕ್ಕೆ ಸಾಕಾಗದಿರಬಹುದು. ಸರಕಿನ ಮೂಲ ದೇಶ ಯಾವುದೆಂದು ತೀರ್ಮಾನಿಸಲು ನಿಮ್ಮ ಕೋಡ್‌ಗೆ ಇರುವ ನಿಯಮವನ್ನು ಒಪ್ಪಂದದ ಅನುಬಂಧದಲ್ಲಿ ನೋಡಿ.

ಪ್ರಶ್ನೆ: ದುಬೈಯಲ್ಲಿ ಹಿಂದೆ ನಮ್ಮ ರೂಪಾಯಿ ನಡೆಯುತ್ತಿತ್ತಂತೆ, ನಿಜವೇ? (ಕಾರ್ಕಳದ ವಿದ್ಯಾರ್ಥಿ)

ಉತ್ತರ: ನಿಜ. ಮೊದಲು ಇಲ್ಲಿನ ನೋಟೇ ಅಲ್ಲೂ ಚಲಾವಣೆಯಲ್ಲಿತ್ತು. ಆ ನೋಟಿನಿಂದ ಚಿನ್ನ ಕೊಂಡು ಇಲ್ಲಿಗೆ ಕಳ್ಳಸಾಗಣೆ ಮಾಡುವುದು ಹೆಚ್ಚಿ ನಮ್ಮ ವಿದೇಶಿ ವಿನಿಮಯ ಸೋರತೊಡಗಿತು. ಹಾಗಾಗಿ 1959ರಲ್ಲಿ ರಿಸರ್ವ್ ಬ್ಯಾಂಕ್ ಭಾರತದೊಳಗೆ ನಡೆಯದ, ಬೇರೆ ಬಣ್ಣದ ‘ಗಲ್ಫ್ ರೂಪಾಯಿ’ ಹೊರಡಿಸಿತು. 1966ರ ಜೂನ್ 6ರಂದು ಡಾಲರಿಗೆ 4.76 ರೂಪಾಯಿ ಇದ್ದದ್ದು 7.50 ಆಯಿತು, ಅಪಮೌಲ್ಯದ ಪೆಟ್ಟು ತಿನ್ನಲು ಒಲ್ಲದೆ ಗಲ್ಫಿನವರು ಬೇರೆ ನಾಣ್ಯಕ್ಕೆ ಹೊರಳಿದರು. ದಿರ್ಹಾಂ ಬಂದದ್ದು 1973ರಲ್ಲಿ. 2023ರ ಜುಲೈಯಲ್ಲಿ ಎರಡೂ ದೇಶಗಳ ಕೇಂದ್ರ ಬ್ಯಾಂಕುಗಳು ರೂಪಾಯಿ–ದಿರ್ಹಾಂನಲ್ಲೇ ವ್ಯಾಪಾರದ ಲೆಕ್ಕ ಚುಕ್ತಾ ಮಾಡಲು ಒಪ್ಪಿ, ಮರುತಿಂಗಳೇ ಕಚ್ಚಾ ತೈಲದ ಹಣ ಆ ದಾರಿಯಲ್ಲಿ ಸಂದಾಯವಾಯಿತು. ಅಂದ ಹಾಗೆ, 2018ರಿಂದ ಅಬುಧಾಬಿಯ ಎಣ್ಣೆ ತುಂಬಿಟ್ಟ ನೆಲದಡಿಯ ಸಂಗ್ರಹಾಗಾರ ನಿಮ್ಮೂರಿನಿಂದ ದೂರವೇನಿಲ್ಲ, ಮಂಗಳೂರಿನಲ್ಲೇ ಇದೆ.