ಶಿಕ್ಷೆಗೊಳಗಾದ ತಂಡಕ್ಕೂ ರ್‍ಯಾಂಕ್ ಏಕೆ ಬೇಕು

ಆತ್ಮೀಯ ಓದುಗರೇ,

ಮಿನಿಯಾಪೊಲಿಸ್‌ನಿಂದ ನೀವು ಬರೆದ ಪತ್ರ ತಲುಪಿತು. ಅಮೆರಿಕದ ಕಾಲೇಜು ಹಾಕಿಯ (ಕೊಡಗಿನ ಮೈದಾನದ ಹಾಕಿಯಲ್ಲ, ಐಸ್ ಹಾಕಿ) ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಬರೆದ ಒಂದು ಮಾತಿಗೆ ನಿಮ್ಮ ತಕರಾರಿದೆ. ನಿಯಮ ಮುರಿದು ಎನ್‌ಸಿಎಎಯಿಂದ (ಅಮೆರಿಕದ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಸಂಸ್ಥೆ) ಶಿಕ್ಷೆ ಪಡೆದ, ಸೀಸನ್ ಕೊನೆಯ ಟೂರ್ನಿ ಆಡುವಂತಿಲ್ಲದ ತಂಡಕ್ಕೂ ವಾರದ 20 ತಂಡಗಳ ರ್‍ಯಾಂಕಿಂಗ್‌ನಲ್ಲಿ ಜಾಗ ಇರಬೇಕು ಎಂದಿದ್ದೆವು. ‘ಅದಕ್ಕೆ ಜಾಗ ಕೊಟ್ಟರೆ ನಿಯಮ ಪಾಲಿಸಿದ 21ನೇ ತಂಡ ಪಟ್ಟಿಯಿಂದ ಆಚೆ ಬೀಳುತ್ತದೆ. ಇದು ಯಾವ ನ್ಯಾಯ?’ ಎಂದು ಕೇಳಿದ್ದೀರಿ. ಪ್ರಶ್ನೆ ಸರಿಯಾಗಿದೆ. ಆದರೂ ನಮ್ಮ ಮಾತು ಬದಲಾಗಿಲ್ಲ. ಕಾರಣ ಹೇಳುತ್ತೇನೆ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಮತದಾರರು ಮತ ಹಾಕಿ ಮಾಡುವ ಈ ರ್‍ಯಾಂಕಿಂಗ್‌ಗೂ (ಇದನ್ನೇ ಪೋಲ್ ಎನ್ನುತ್ತಾರೆ) ಟೂರ್ನಿಯ ಆಯ್ಕೆಗೂ ನೇರ ಸಂಬಂಧವಿಲ್ಲ. ಟೂರ್ನಿಗೆ 16 ತಂಡಗಳು ಹೋಗುತ್ತವೆ. ಲೀಗ್‌ಗಳ ಚಾಂಪಿಯನ್‌ಗಳಿಗೆ ನೇರ ಪ್ರವೇಶ, ಉಳಿದವರ ಆಯ್ಕೆ ಲೆಕ್ಕಾಚಾರದ ಮೇಲೆ. ಬಹಳ ವರ್ಷ ಪೇರ್‌ವೈಸ್ ಎಂಬ ಲೆಕ್ಕವಿತ್ತು, 2025-26ರಿಂದ ಎನ್‌ಪಿಐ ಬಂದಿದೆ. ಮತದಾರರ ಅಭಿಪ್ರಾಯಕ್ಕೆ ಅಲ್ಲಿ ಜಾಗವಿಲ್ಲ. ಪೋಲ್ ಕೇಳುವುದು ಒಂದೇ ಪ್ರಶ್ನೆ: ಈ ವಾರ ಯಾವ ತಂಡ ಎಷ್ಟು ಚೆನ್ನಾಗಿದೆ? ಟೂರ್ನಿ ಆಡುವ ಹಕ್ಕು ಯಾರಿಗಿದೆ ಎಂಬುದು ಬೇರೆ ಪ್ರಶ್ನೆ. ಅದನ್ನು ಎನ್‌ಸಿಎಎ ಆಗಲೇ ತೀರ್ಮಾನಿಸಿರುತ್ತದೆ.

ತಪ್ಪು ಮಾಡಿದ ಹುಡುಗನನ್ನು ಶಾಲೆಯವರು ಪ್ರವಾಸಕ್ಕೆ ಕರೆದೊಯ್ಯದೇ ಇರಬಹುದು. ಗಣಿತದಲ್ಲಿ ಅವನು ತೆಗೆದ ಅಂಕವನ್ನು ಅಂಕಪಟ್ಟಿಯಿಂದ ಅಳಿಸುವುದಿಲ್ಲ, ಅಲ್ವಾ?

ನನಗೆ ಜಾಸ್ತಿ ಚಿಂತೆ ಇರುವುದು ಮತ ಹಾಕುವ ರೀತಿಯ ಬಗ್ಗೆ. ಕಾಲೇಜು ಹಾಕಿಯ ಸುದ್ದಿ ಕೊಡುವ ಯುಎಸ್‌ಸಿಎಚ್‌ಒ ಜಾಲತಾಣದ ಪೋಲ್ ಪ್ರತಿ ಸೋಮವಾರ ಬರುತ್ತದೆ. ಕೋಚ್‌ಗಳು, ಪತ್ರಕರ್ತರು ಸೇರಿ 50 ಮತದಾರರು. ಒಬ್ಬೊಬ್ಬರೂ 20 ತಂಡಗಳ ಪಟ್ಟಿ ಕೊಡುತ್ತಾರೆ. ಮೊದಲ ಸ್ಥಾನಕ್ಕೆ 20 ಅಂಕ, ಕೊನೆಯದಕ್ಕೆ 1. ಈಗ ಶಿಕ್ಷೆಯಲ್ಲಿರುವ ಒಂದು ತಂಡ ನಿಜಕ್ಕೂ ನಾಲ್ಕನೇ ಸ್ಥಾನದ ಆಟ ಆಡುತ್ತಿದೆ ಎಂದುಕೊಳ್ಳಿ. 25 ಮತದಾರರು ಅದಕ್ಕೆ ನಾಲ್ಕನೇ ಸ್ಥಾನ ಕೊಟ್ಟು 17 ಅಂಕ ಹಾಕುತ್ತಾರೆ. ಉಳಿದ 25 ಮಂದಿ ಶಿಕ್ಷೆಯ ನೆಪದಲ್ಲಿ ಹೆಸರನ್ನೇ ಬಿಡುತ್ತಾರೆ. ಒಟ್ಟು 425 ಅಂಕ, ಅಂದರೆ ಒಬ್ಬ ಮತದಾರರಿಗೆ ಎಂಟೂವರೆ. ತಂಡ ಹೆಚ್ಚುಕಡಿಮೆ 12 ಅಥವಾ 13ನೇ ಸ್ಥಾನಕ್ಕೆ ಬಂದು ನಿಲ್ಲುತ್ತದೆ. ಅದು 12ನೇ ಸ್ಥಾನದ ತಂಡ ಎಂದು ಆ 50 ಜನರಲ್ಲಿ ಒಬ್ಬರೂ ಹೇಳಿಲ್ಲ! ಒಬ್ಬರೂ ನಂಬದ ಸಂಖ್ಯೆಯನ್ನು ಪಟ್ಟಿಯಲ್ಲಿ ಅಚ್ಚು ಹಾಕುವುದು ಓದುಗರಿಗೆ ಮಾಡುವ ಅನ್ಯಾಯ. ಹಾಗಾಗಿ ಸೇರಿಸಬೇಕೋ ಬಿಡಬೇಕೋ ಎಂಬುದನ್ನು ಒಬ್ಬೊಬ್ಬ ಮತದಾರರ ಮನಸ್ಸಿಗೆ ಬಿಡಬಾರದು. ಅಕ್ಟೋಬರ್‌ನಲ್ಲಿ ಆಟ ಶುರುವಾಗುವ ಮೊದಲೇ ಪೋಲ್ ನಡೆಸುವವರು ಒಂದು ನಿಯಮ ಹೇಳಿಬಿಡಬೇಕು.

ಕಾಲೇಜು ಫುಟ್‌ಬಾಲ್‌ನಲ್ಲಿ (ಅಮೆರಿಕನ್ ಫುಟ್‌ಬಾಲ್) ಈ ಜಗಳ ಹಳೆಯದು. 1974ರಲ್ಲಿ ಒಕ್ಲಹೋಮ ತಂಡ ಶಿಕ್ಷೆಯಲ್ಲಿತ್ತು. ಆಡಿದ 11 ಪಂದ್ಯಗಳನ್ನೂ ಗೆದ್ದಿತು. ಎಪಿ ಸುದ್ದಿಸಂಸ್ಥೆ ನಡೆಸುವ ಪತ್ರಕರ್ತರ ಪೋಲ್ ಅದನ್ನೇ ದೇಶದ ನಂಬರ್ ಒನ್ ಎಂದಿತು. ಶಿಕ್ಷೆಯಲ್ಲಿರುವ ತಂಡಗಳನ್ನು ಸೇರಿಸದ ಕೋಚ್‌ಗಳ ಪೋಲ್, ಸದರ್ನ್ ಕ್ಯಾಲಿಫೋರ್ನಿಯಾಗೆ ಆ ಪಟ್ಟ ಕೊಟ್ಟಿತು. 2012ರಲ್ಲಿ ಶಿಕ್ಷೆಯಲ್ಲಿದ್ದ ಓಹಾಯೊ ಸ್ಟೇಟ್ 12ಕ್ಕೆ 12 ಗೆದ್ದು ಎಪಿಯಲ್ಲಿ ಮೂರನೇ ಸ್ಥಾನ ಪಡೆಯಿತು. ಕೋಚ್‌ಗಳ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಅಲ್ಲಿ ತಪ್ಪು ನಡೆದದ್ದು ಹಿಂದಿನ ಕೋಚ್ ಜಿಮ್ ಟ್ರೆಸೆಲ್ ಕಾಲದಲ್ಲಿ. ಅವರು 2011ರಲ್ಲೇ ರಾಜೀನಾಮೆ ಕೊಟ್ಟಿದ್ದರು. 2012ರಲ್ಲಿ ಹೊಸದಾಗಿ ಸೇರಿದ ಹುಡುಗರ ಗೆಲುವುಗಳೂ ಒಂದು ಪಟ್ಟಿಯಿಂದ ಮಾಯವಾದವು. ಕೋಚ್‌ಗಳ ನಿಯಮ ಕನಿಷ್ಠ ಎಲ್ಲರಿಗೂ ಗೊತ್ತಿರುವ ನಿಯಮ ಎಂಬುದನ್ನು ಒಪ್ಪುತ್ತೇನೆ. ಆದರೂ ಎಪಿ ದಾರಿಯೇ ಸರಿ ಅನ್ನುತ್ತೇನೆ.

ಹಾಕಿಗೇ ಬರೋಣ. 1977-78ರಲ್ಲಿ ಡೆನ್ವರ್ ತಂಡ ಡಬ್ಲ್ಯುಸಿಎಚ್‌ಎ ಲೀಗ್ ಗೆದ್ದಿತು, ಆದರೆ ನಿಷೇಧದಿಂದಾಗಿ ರಾಷ್ಟ್ರೀಯ ಟೂರ್ನಿಗೆ ಹೋಗಲಿಲ್ಲ. ಫೈನಲ್‌ನಲ್ಲಿ ಬಾಸ್ಟನ್ ಯೂನಿವರ್ಸಿಟಿ 5-3ರಿಂದ ಬಾಸ್ಟನ್ ಕಾಲೇಜನ್ನು ಸೋಲಿಸಿ ಕಪ್ ಎತ್ತಿತು. ಟೂರ್ನಿ ತಪ್ಪಿದ್ದೇ ಡೆನ್ವರ್ ಪಾಲಿಗೆ ದೊಡ್ಡ ಶಿಕ್ಷೆ. ಅದರ ಮೇಲೆ ರ್‍ಯಾಂಕನ್ನೂ ಕಿತ್ತುಕೊಂಡರೆ ಪೆಟ್ಟು ಬೀಳುವುದು ಬೇರೆಯವರಿಗೆ. ಅಂಥ ಬಲವಾದ ತಂಡವನ್ನು ಒಂದು ಶುಕ್ರವಾರ ರಾತ್ರಿ ಸೋಲಿಸಿದ ಎದುರಾಳಿಗಳನ್ನು ಯೋಚಿಸಿ. ಪಟ್ಟಿಯ ಪ್ರಕಾರ ಅವರು ಸೋಲಿಸಿದ್ದು ರ್‍ಯಾಂಕ್ ಇಲ್ಲದ ತಂಡವನ್ನು. ನಿಯಮ ಪಾಲಿಸಿದ ತಂಡಗಳ ಪರ ನೀವು ಬರೆದಿದ್ದೀರಿ. ಇವರೂ ನಿಯಮ ಪಾಲಿಸಿದವರೇ.

ನಿಮ್ಮ ಪತ್ರದಲ್ಲಿ ಒಂದು ಮಾತು ನನ್ನನ್ನು ತುಂಬ ಹೊತ್ತು ಯೋಚನೆಗೆ ಹಚ್ಚಿತು. ‘ಆಡಬಾರದ ಆಟಗಾರನನ್ನು ಆಡಿಸಿ ಗೆದ್ದಿದ್ದರೆ?’ ಎಂದಿದ್ದೀರಿ. ಹಾಗಾದರೆ ಆ ಗೆಲುವೇ ಗೆಲುವಲ್ಲ, ನಿಜ. ಆದರೆ ಅದಕ್ಕೆ ಬೇರೆ ದಾರಿ ಇದೆ. ಎನ್‌ಸಿಎಎ ವಿಚಾರಣೆ ಮಾಡಿ ದಾಖಲೆಯನ್ನೇ ತೆಗೆದುಹಾಕುತ್ತದೆ. 1973ರ ಫೈನಲ್ ಆಡಿದ ಡೆನ್ವರ್, 1992ರ ಫೈನಲ್ ಆಡಿದ ವಿಸ್ಕಾನ್ಸಿನ್, ಎರಡೂ ತಂಡಗಳ ಆ ವರ್ಷದ ಟೂರ್ನಿಯ ದಾಖಲೆ ಹೀಗೆ ರದ್ದಾಯಿತು. ಪಂದ್ಯ ರದ್ದಾದರೆ ಮತದಾರರೂ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬಾರದು. ಆದರೆ ಸುಮ್ನೆ ಅನುಮಾನದ ಮೇಲೆ ಮತದಾರರೇ ನ್ಯಾಯಾಧೀಶರಾಗುವುದು ಬೇಡ.

ಇನ್ನೊಂದು ಸಂಗತಿ ನಿಮ್ಮ ಊರಿನ ಪಕ್ಕದ್ದೇ. ಸೇಂಟ್ ಥಾಮಸ್ ವಿಶ್ವವಿದ್ಯಾಲಯದ ತಂಡ 2021ರಲ್ಲಿ ಎನ್‌ಸಿಎಎಯ ಮೂರನೇ ಡಿವಿಷನ್‌ನಿಂದ ನೇರವಾಗಿ ಮೊದಲನೆಯದಕ್ಕೆ ಬಂತು. ಯಾವ ತಪ್ಪೂ ಮಾಡಿರಲಿಲ್ಲ. ಆದರೂ ಹೊಸಬರು ಕಾಯಬೇಕೆಂಬ ನಿಯಮದಿಂದ 2025ರವರೆಗೆ ರಾಷ್ಟ್ರೀಯ ಟೂರ್ನಿ ಆಡುವಂತಿರಲಿಲ್ಲ. ‘ಟೂರ್ನಿಗೆ ಅರ್ಹತೆ ಇಲ್ಲದವರಿಗೆ ರ್‍ಯಾಂಕ್ ಬೇಡ’ ಎಂದು ನೀವು ಬರೆದ ಸಾಲನ್ನು ಹಾಗೇ ನಿಯಮ ಮಾಡಿದರೆ ಆ ಹುಡುಗರೂ ಹೊರಗೆ. ನೀವು ಅದನ್ನು ಬಯಸಿರಲಾರಿರಿ.

ಇನ್ನು ನಿಮ್ಮ 21ನೇ ತಂಡ. ಅದರ ನೋವು ನಿಜವಾದದ್ದು. ಪಟ್ಟಿಯಲ್ಲಿ ಹೆಸರಿದ್ದರೆ ಮುಂದಿನ ವರ್ಷ ಯಾವ ಕಾಲೇಜು ಸೇರಬೇಕೆಂದು ನೋಡುತ್ತಿರುವ ಆಟಗಾರನ ಕಣ್ಣಿಗೆ ಬೀಳುತ್ತದೆ. ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಟೂರ್ನಿ ಆಡುವಂತಿಲ್ಲದ ತಂಡದ ಹೆಸರಿನ ಮುಂದೆ ಒಂದು ಗುರುತು ಹಾಕಿ, ಕಾರಣವನ್ನು ಕೆಳಗೆ ಒಂದು ಸಾಲಿನಲ್ಲಿ ತಿಳಿಸಲಿ. ಆ ವಾರ ಮತದಾರರು 21 ಹೆಸರು ಬರೆಯಲಿ, ಪಟ್ಟಿಯಲ್ಲೂ 21 ಹೆಸರು ಬರಲಿ. ಅಂಥ ತಂಡ ಎರಡಿದ್ದರೆ 22.

— ಸಂಪಾದಕ