ಬಿಳಿ ಉಪ್ಪು ಬೂದಿ ಬಣ್ಣ ಯಾಕಾಯ್ತು?

ಪ್ರಶ್ನೆ: ಹುಬ್ಬಳ್ಳಿಯಿಂದ ಒಬ್ನೇ ಬೈಕಲ್ಲಿ ಗುಜರಾತಿನ ಕಛ್‌ವರೆಗೂ ಹೋಗಿದ್ದೆ ಸರ್, ಧೋಲಾವೀರಾ ರೋಡಲ್ಲಿ ಎರಡೂ ಕಡೆ ಬೆಳ್ಳಗೆ ಉಪ್ಪು, ಆದ್ರೆ ಫೋಟೋದಲ್ಲಿ ಎಲ್ಲಾ ಬೂದಿ ಬೂದಿ. ಕ್ಯಾಮೆರಾ ಕೆಟ್ಟಿದ್ಯಾ?

ಉತ್ತರ: ಏನೂ ಕೆಟ್ಟಿಲ್ಲ ಬಿಡಿ. ಕ್ಯಾಮೆರಾ ಒಳಗಿನ ಬೆಳಕು ಅಳೆಯೋ ಮೀಟರ್‌ಗೆ ಏನ್ ಕಂಡ್ರೂ ನಡುವಿನ ಬೂದು ಬಣ್ಣ ಅಂತಲೇ ಲೆಕ್ಕ, ಬಿಳಿ ಜಾಸ್ತಿ ಇದ್ರೆ ತಾನೇ ಬೆಳಕು ಕಡಿಮೆ ಮಾಡಿಬಿಡುತ್ತೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಫೋಟೋದ ಬೆಳಕು ಹೆಚ್ಚು-ಕಡಿಮೆ ಮಾಡೋ ಸೆಟ್ಟಿಂಗ್) +1 ಇಡಿ, ಹಿಸ್ಟೋಗ್ರಾಮ್ (ಫೋಟೋದಲ್ಲಿ ಕತ್ತಲು-ಬೆಳಕು ಎಷ್ಟೆಷ್ಟು ಅಂತ ತೋರಿಸೋ ಗ್ರಾಫ್) ಬಲಗಡೆ ಅಂಚಿಗೆ ತಾಗದ ಹಾಗೆ ನೋಡ್ಕೊಳ್ಳಿ. ಸಂಜೆ ಬಿಸಿಲು ಅಡ್ಡ ಬಿದ್ದಾಗ ತೆಗೀರಿ, ಉಪ್ಪಿನ ಬಿರುಕುಗಳ ಅಂಚು ಎದ್ದು ಕಾಣುತ್ತೆ. ಮತ್ತೆ ಉಪ್ಪಿನ ಮೇಲೆ ಬೈಕ್ ಇಳಿಸ್ಬೇಡಿ, ಒಬ್ರೇ ಬೇರೆ, ಮೇಲೆ ಗಟ್ಟಿ ಕಂಡ್ರೂ ಕೆಳಗೆ ಕೆಸರು, ನನ್ನ ಟ್ರೈಪಾಡ್ ಕಾಲು ಗೇಣುದ್ದ ಹೂತಿತ್ತು, ರಾತ್ರಿ ಸಿಹಿನೀರಲ್ಲಿ ತೊಳೀದೆ ಮಲಗಿದ್ದಕ್ಕೆ ಸ್ಕ್ರೂ ತುಕ್ಕು ಹಿಡಿದು ಇವತ್ತಿಗೂ ತಿರುಗ್ತಿಲ್ಲ.